ಡಾಕ್ಟ್ರು ನೋಡಿದ್ದು ನಾಲ್ಕು ನಿಮಿಷ, ಬಿಲ್ ಬಂದಿದ್ದು ಎರಡು ಪುಟ

ಕ್ಲಿನಿಕ್‌ನಲ್ಲಿ ಪಟ್ಟ ಪಾಡು ಬರೀರಿ ಅಂತ ಹೋದ ಸಂಚಿಕೇಲಿ ಕೇಳಿದ್ದೇ ತಪ್ಪಾಯ್ತೇನೋ, ಅಷ್ಟು ಪತ್ರ ಬಂದಿವೆ. ನಾಲ್ಕು ಆರಿಸ್ಕೊಂಡಿದೀನಿ.

ಪ್ರಶ್ನೆ: ಹತ್ತು ಗಂಟೆಗೆ ಅಪಾಯಿಂಟ್‌ಮೆಂಟ್, ನಾನು ಹತ್ತು ನಿಮಿಷ ಮುಂಚೇನೇ ಹೋಗಿ ಕೂತೆ, ಒಳಗೆ ಕರೆದಿದ್ದು ಹನ್ನೊಂದು ಮುಕ್ಕಾಲಿಗೆ. ಕೇಳಿದಾಗೆಲ್ಲ "ಕೂತ್ಕೊಳಿ, ಕರೀತೀವಿ" ಅಷ್ಟೇ. ಅದೇ ಹಿಂದಿನ ಸಲ ನಾನು ಕಾಲು ಗಂಟೆ ಲೇಟಾಗಿದ್ದಕ್ಕೆ ನಂಬರ್ ಹೋಯ್ತು ಅಂದ್ರು. ಇದ್ಯಾವ ನ್ಯಾಯ?

ಉತ್ತರ: ನ್ಯಾಯ ಅಲ್ಲ, ಲೆಕ್ಕ. ಆ ಟೈಮ್ ಕೊಡೋದು ನಿಮ್ಮ ಅನುಕೂಲಕ್ಕಿಂತ ಹೆಚ್ಚಾಗಿ ಡಾಕ್ಟ್ರು ಖಾಲಿ ಕೂರಬಾರ್ದು ಅಂತ. 1952ರಲ್ಲೇ ಬ್ರಿಟನ್ನಿನ ನಾರ್ಮನ್ ಬೈಲಿ ಅನ್ನೋ ಸಂಖ್ಯಾಶಾಸ್ತ್ರಜ್ಞ ಆಸ್ಪತ್ರೆ ಕ್ಯೂಗಳನ್ನ ಕೂತು ಲೆಕ್ಕ ಹಾಕಿದ್ದ. ಶುರುವಿಗೆ ಇಬ್ಬರನ್ನ ಒಟ್ಟಿಗೆ ಬರೋಕೆ ಹೇಳಿ, ಆಮೇಲೆ ಒಬ್ಬೊಬ್ಬರನ್ನ ಸರಾಸರಿ ಒಬ್ಬ ಪೇಷೆಂಟಿಗೆ ಎಷ್ಟು ಹೊತ್ತು ಹಿಡಿಯತ್ತೋ ಅಷ್ಟು ಗ್ಯಾಪ್ ಬಿಟ್ಟು ಕರೀರಿ, ಆಗ ಡಾಕ್ಟ್ರೂ ಸುಮ್ನೆ ಕೂರಲ್ಲ ಪೇಷೆಂಟೂ ಸಿಕ್ಕಾಪಟ್ಟೆ ಕಾಯಲ್ಲ ಅಂತ ಅವನ ಸೂತ್ರ. ಎಷ್ಟೋ ಕಡೆ ಇಬ್ಬರನ್ನ ಕರಿಯೋದು ಕಲಿತ್ರು, ಗ್ಯಾಪ್ ಬಿಡೋದು ಮರೆತ್ರು. ಬೆಳಿಗ್ಗೆ ಒಬ್ಬರಿಗೆ ಇಪ್ಪತ್ತು ನಿಮಿಷ ಜಾಸ್ತಿ ಹಿಡೀತು ಅಂದ್ರೆ ಅದು ಹಿಂದಿರೋರ ತಲೆ ಮೇಲೆಲ್ಲಾ ಉರುಳ್ಕೊಂಡು ಬರತ್ತೆ.

ಆದ್ರಿಂದ ದಿನದ ಮೊದಲ ನಂಬರ್ ಕೇಳಿ, ಇಲ್ಲಾಂದ್ರೆ ಮಧ್ಯಾಹ್ನದ ಬ್ರೇಕ್ ಆದ್ಮೇಲಿನ ಮೊದಲನೇದು. ಹೊರಡೋ ಮುಂಚೆ ಒಂದು ಫೋನ್ ಹಾಕಿ. ಕೌಂಟರ್‌ನಲ್ಲಿ "ಯಾವಾಗ ಕರೀತೀರಾ" ಅಂತ ಕೇಳ್ಬೇಡಿ, ಅವರಿಗೂ ಗೊತ್ತಿರಲ್ಲ. "ನನ್ನ ಮುಂದೆ ಎಷ್ಟು ಜನ ಇದಾರೆ" ಅಂತ ಕೇಳಿ, ಅದು ಅವರ ಕಣ್ಮುಂದೇನೇ ಬರೆದಿರತ್ತೆ.

ಪ್ರಶ್ನೆ: ಡಾಕ್ಟ್ರು ನನ್ನ ಮುಖಾನೇ ನೋಡ್ಲಿಲ್ಲ, ಕಂಪ್ಯೂಟರ್ ನೋಡ್ಕೊಂಡೇ ಮಾತ್ರೆ ಬರೆದ್ರು, ನಾಲ್ಕು ನಿಮಿಷಕ್ಕೆ ಹೊರಗೆ. ಫೀಸು ಮಾತ್ರ ಪೂರ್ತಿ.

ಉತ್ತರ: ಬೇಜಾರಾಗೋದು ಸಹಜ. ಆದ್ರೆ 2017ರಲ್ಲಿ 67 ದೇಶಗಳ ಅಂಕಿಅಂಶ ಒಟ್ಟು ಹಾಕಿ ನೋಡಿದಾಗ ಒಂದು ಭೇಟಿಯ ಸರಾಸರಿ ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಸ್ವೀಡನ್ನಲ್ಲಿ ಇಪ್ಪತ್ತೆರಡೂವರೆ ನಿಮಿಷ. ಮಧ್ಯದಲ್ಲಿ ಎಲ್ಲೋ ನಿಮ್ಮ ನಾಲ್ಕು. ಇನ್ನೊಂದು, 1984ರ ಅಮೆರಿಕದ ಒಂದು ಅಧ್ಯಯನದಲ್ಲಿ ಪೇಷೆಂಟ್ ಬಾಯಿ ಬಿಟ್ಟ ಸರಾಸರಿ 18 ಸೆಕೆಂಡಿಗೆ ಡಾಕ್ಟ್ರು ನಡುವೆ ಬಾಯಿ ಹಾಕಿದ್ರು. ತಮಾಷೆ ಏನಂದ್ರೆ 2002ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ತಡೀದೆ ಮಾತಾಡೋಕೆ ಬಿಟ್ಟು ನೋಡಿದ್ರು, ಜನ ಸರಾಸರಿ 92 ಸೆಕೆಂಡಿಗೆ ತಾವೇ ಮುಗಿಸಿಬಿಟ್ರು!

ನಮ್ಮ ಕಡೆ ತಪ್ಪೂ ಒಂದಿದೆ. ನಿದ್ದೆ ಬರಲ್ಲ, ಗ್ಯಾಸು, ಮಂಡಿನೋವು ಎಲ್ಲಾ ಹೇಳಿ, ಎದ್ದು, ಬಾಗಿಲ ಹಿಡಿಕೆ ಮೇಲೆ ಕೈ ಇಟ್ಕೊಂಡು "ಹಾಂ ಡಾಕ್ಟ್ರೇ, ಮೆಟ್ಲು ಹತ್ತುವಾಗ ಎದೆ ಸ್ವಲ್ಪ ಹಿಡ್ಕೊಳತ್ತೆ" ಅಂತೀವಿ. ಅದನ್ನ ಮೊದಲು ಹೇಳ್ಬೇಕಿತ್ತು ತಾನೇ. ಮೂರು ಸಾಲು ಚೀಟೀಲಿ ಬರ್ಕೊಂಡು ಹೋಗಿ, ದೊಡ್ಡದು ಮೇಲೆ ಇರ್ಲಿ.

ಪ್ರಶ್ನೆ: ಕಿವಿ ಕೇಳಿಸ್ತಿಲ್ಲ ಅಂತ ಹೋದೆ, ಗುಗ್ಗೆ ಕಟ್ಟಿದೆ ಅಂತ ಅದೇನೋ ಹಾಕಿ ತೆಗೆದ್ರು, ಎರಡೇ ನಿಮಿಷ. ಬಿಲ್‌ನಲ್ಲಿ ಕನ್ಸಲ್ಟೇಷನ್ ಒಂದು, ಕೆಳಗೆ "ಪ್ರೊಸೀಜರ್" ಅಂತ ಬೇರೆ, ಅದು ಕನ್ಸಲ್ಟೇಷನ್‌ಗಿಂತ ಜಾಸ್ತಿ! ಸಾಲದು ಅಂತ ಅವತ್ತು ಟೆಸ್ಟಿಗೆ ತೆಗೆದಿದ್ದ ರಕ್ತಕ್ಕೆ ಮೂರು ವಾರ ಆದ್ಮೇಲೆ ಹೆಸರೇ ಕೇಳಿರದ ಲ್ಯಾಬಿನಿಂದ ಇನ್ನೊಂದು ಬಿಲ್. ಇನ್ಶೂರೆನ್ಸ್‌ನೋರು ಅದಕ್ಕೆ ಕೊಡಲ್ಲ ಅಂತಿದಾರೆ. ಡಾಕ್ಟ್ರನ್ನ ಕೇಳಿದ್ರೆ "ಬಿಲ್ಲಿಂಗ್‌ನಲ್ಲಿ ಕೇಳಿ".

ಉತ್ತರ: ಡಾಕ್ಟ್ರು ಸುಳ್ಳು ಹೇಳ್ತಿಲ್ಲ ಕಣ್ರೀ, ಎಷ್ಟೋ ಸಲ ಅವರಿಗೆ ನಿಜವಾಗ್ಲೂ ಗೊತ್ತಿರಲ್ಲ. ಅವರು ಏನು ಮಾಡಿದ್ರು ಅಂತ ಬರೀತಾರೆ, ಅದನ್ನ ದುಡ್ಡಿಗೆ ತಿರುಗಿಸೋರು ಬೇರೆ. ಕೈಯಿಂದ ಏನಾದ್ರೂ ಮಾಡಿದ್ರೆ, ಗುಗ್ಗೆ ತೆಗೆಯೋದಿರ್ಲಿ ಹೊಲಿಗೆ ಬಿಚ್ಚೋದಿರ್ಲಿ, ಅದಕ್ಕೆ ಬೇರೆ ಸಾಲು ಹಾಕೋ ಪದ್ಧತಿ ಬಹಳ ಕಡೆ ಇದೆ. ನಿಮಗೆ ಎರಡು ನಿಮಿಷ, ಬಿಲ್ಲಿಂಗ್‌ಗೆ ಒಂದು ಐಟಂ. ಕೋಪ ಬರೋದು ಮೊದಲೇ ಹೇಳಲ್ವಲ್ಲ ಅದಕ್ಕೆ, ಆ ಕೋಪ ಸರಿಯಾದದ್ದೇ. ಮುಂದಿನ ಸಲ ಸಲಕರಣೆ ಕೈಗೆ ತಗೊಂಡ ತಕ್ಷಣ "ಇದಕ್ಕೆ ಬೇರೆ ಚಾರ್ಜ್ ಇದ್ಯಾ" ಅಂತ ಕೇಳಿಬಿಡಿ, ನಾಚ್ಕೋಬೇಡಿ.

ಲ್ಯಾಬಿನ ಬಿಲ್ ಯಾಕಂದ್ರೆ ರಕ್ತ ತೆಗೆದಿದ್ದು ಇಲ್ಲಿ, ಟೆಸ್ಟ್ ಆಗಿದ್ದು ಇನ್ನೆಲ್ಲೋ. ಅದನ್ನ ಬಿಸಾಕ್ಬೇಡಿ, ದಿನಾಂಕ ಹೊಂದತ್ತಾ ನೋಡಿ. ಇನ್ನು ಇನ್ಶೂರೆನ್ಸು: ಕಾಯಿಲೆಗೆಲ್ಲ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಿಂದ ಬಂದ ಒಂದೊಂದು ಕೋಡ್ ಇರತ್ತೆ, ಐಸಿಡಿ ಅಂತಾರೆ, ಅದರ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ, ಹಳೇ 10ನೇದನ್ನೇ ಬಳಸೋ ಕಡೇನೂ ಬೇಕಾದಷ್ಟಿವೆ. ಕಾಯಿಲೆ ಕೋಡಿಗೂ ಮಾಡಿದ ಟೆಸ್ಟಿಗೂ ತಾಳೆ ಆಗ್ಲಿಲ್ಲ ಅಂದ್ರೆ ಕ್ಲೇಮ್ ವಾಪಸ್. ಒಂದು ಅಂಕಿ ತಪ್ಪಾಗಿದ್ರೂ ಸಾಕು. ರಿಜೆಕ್ಟ್ ಮಾಡಿದ ಕಾರಣ ಬರವಣಿಗೇಲಿ ತಗೊಳಿ, ಅದನ್ನ ಬಿಲ್ಲಿಂಗ್‌ನೋರ ಮುಂದಿಟ್ಟು ಕೋಡ್ ಸರಿ ಇದ್ಯಾ ನೋಡಿ ಮತ್ತೆ ಕಳ್ಸಿ ಅನ್ನಿ.

ಒಟ್ಟು ಮೊತ್ತದ ಚೀಟಿ ಸಾಲದು, ಸಾಲು ಸಾಲಾಗಿ ಬಿಡಿಸಿದ ಬಿಲ್ ಕೇಳಿ. ನನ್ನದೇ ಅನುಭವ, ಒಂದು ಕಡೆ ಇಂಜೆಕ್ಷನ್ ಒಂದು ಚುಚ್ಚಿ ಎರಡು ಬರೆದಿದ್ರು. ಕೌಂಟರ್ ಹುಡುಗ ಪೆನ್ನಿನ ತುದಿ ಇಟ್ಕೊಂಡು ಒಂದೊಂದೇ ಸಾಲು ಇಳೀತಾ ಬಂದ, ಆರನೇ ಸಾಲಲ್ಲಿ ಪೆನ್ನು ನಿಲ್ತು, ತಲೆ ಎತ್ತದೇನೇ "ಎಂಟ್ರಿ ಎರಡು ಸಲ ಆಗಿದೆ ಸರ್" ಅಂದ. ಕೇಳದೇ ಹೋಗಿದ್ರೆ ಕಟ್ಟಿ ಬರ್ತಿದ್ದೆ.

ಪ್ರಶ್ನೆ: ನಾನು ಆ ಕೌಂಟರ್‌ನಲ್ಲಿ ಕೂರೋಳು ಸರ್. ಡಾಕ್ಟ್ರು ಲೇಟಾದ್ರೂ ಬೈಗುಳ ನನಗೆ, ಬಿಲ್ ಜಾಸ್ತಿ ಆದ್ರೂ ನನಗೆ. ಏನ್ ಮಾಡ್ಲಿ?

ಉತ್ತರ: ಪಾಪ, ಇದನ್ನೂ ಹಾಕ್ಲೇಬೇಕು ಅನ್ನಿಸ್ತು. ಕಾಯೋರ ಮನಸ್ಸಿನ ಬಗ್ಗೆ ಡೇವಿಡ್ ಮೈಸ್ಟರ್ ಅನ್ನೋರು 1985ರಲ್ಲಿ ಬರೆದಿದ್ರು, ಕಾರಣ ಗೊತ್ತಿಲ್ಲದ ಕಾಯುವಿಕೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲದ ಕಾಯುವಿಕೆ ಇದ್ದದ್ದಕ್ಕಿಂತ ಉದ್ದ ಅನ್ಸತ್ತೆ ಅಂತ. ಹಾಗಾಗಿ ಅವರು ಕೇಳೋ ಮುಂಚೆ ನೀವೇ ಎದ್ದು ಹೇಳಿಬಿಡಮ್ಮ: "ಡಾಕ್ಟ್ರು ಎಮರ್ಜೆನ್ಸೀಲಿ ಇದಾರೆ, ನಲವತ್ತು ನಿಮಿಷ ಆಗ್ಬಹುದು, ಹೊರಗೆ ಹೋಗಿ ಬರೋರು ಹೋಗ್ಬನ್ನಿ, ನಂಬರ್ ಹೋಗಲ್ಲ." ಕೊನೇ ಎರಡು ಪದ ಜೋರಾಗಿ ಹೇಳಿ. ಬಿಲ್ ವಿಷಯಕ್ಕೆ, ಪ್ರೊಸೀಜರ್ ಚಾರ್ಜುಗಳ ಪಟ್ಟಿ ಒಂದು ಗೋಡೆಗೆ ಅಂಟಿಸೋಕೆ ನಿಮ್ಮ ಡಾಕ್ಟ್ರನ್ನ ಒಪ್ಪಿಸಿ ನೋಡಿ. ಒಪ್ಲಿಲ್ಲ ಅಂದ್ರೆ ಈ ಪುಟ ಅವರ ಟೇಬಲ್ ಮೇಲೆ ಮರೆತು ಬಂದಂಗೆ ಇಟ್ಟು ಬನ್ನಿ.