ಬ್ರೇಕ್ ಹಾಕಿದರಷ್ಟೇ ಸಾಲದು

ಟೆಕ್ಸಾಸ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಮನೆ ಬದಲಿಸುವ ಮೊದಲು ನಿಮ್ಮ ಎಆರ್ ರೈಫಲ್‌ನ ಫ್ಲ್ಯಾಶ್ ಹೈಡರ್ (ನಳಿಕೆಯ ತುದಿಯ ಬೆಂಕಿಯ ಮಿಂಚನ್ನು ತಗ್ಗಿಸುವ ಸಾಧನ) ತೆಗೆದು ಮಜಲ್ ಬ್ರೇಕ್ (ಗುಂಡು ಹಾರಿದಾಗಿನ ಹಿಂದೊದೆತ ತಗ್ಗಿಸುವ ಸಾಧನ) ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು ಸಾರ್.

ಕ್ಯಾಲಿಫೋರ್ನಿಯಾ ದಂಡ ಸಂಹಿತೆಯ 30515ನೇ ಸೆಕ್ಷನ್ ನೋಡಿ. ಮ್ಯಾಗಜಿನ್ ಕಳಚಬಹುದಾದ ಸೆಮಿ-ಆಟೊಮ್ಯಾಟಿಕ್ (ಟ್ರಿಗರ್ ಒತ್ತಿದಾಗಲೆಲ್ಲ ಒಂದೊಂದೇ ಗುಂಡು ಹಾರಿಸುವ), ಸೆಂಟರ್‌ಫೈರ್ (ತೋಟೆಯ ತಳದ ನಡುಭಾಗಕ್ಕೆ ಪೆಟ್ಟು ಬಿದ್ದು ಸಿಡಿಯುವ) ರೈಫಲ್‌ನಲ್ಲಿ ಪಿಸ್ತೂಲ್ ಗ್ರಿಪ್, ಮಡಚುವ ಇಲ್ಲವೇ ಹಿಂದೆಮುಂದೆ ಸರಿಯುವ ಸ್ಟಾಕ್ (ಭುಜಕ್ಕೆ ಆನಿಸುವ ಹಿಂಭಾಗ), ಮುಂದಿನ ಹಿಡಿ, ಫ್ಲ್ಯಾಶ್ ಸಪ್ರೆಸರ್ (ಫ್ಲ್ಯಾಶ್ ಹೈಡರ್ ಎಂದರೂ ಇದೇ), ಇವುಗಳಲ್ಲಿ ಒಂದಿದ್ದರೂ ಅದು ಅಲ್ಲಿ ನಿಷಿದ್ಧವಾದ ‘ಅಸಾಲ್ಟ್ ವೆಪನ್’. ಅಂದರೆ ಗ್ರಿಪ್, ಸ್ಟಾಕ್ ಎರಡನ್ನೂ ಬದಲಿಸಬೇಕು. ರಿಸೀವರ್ (ಬಂದೂಕಿನ ಮುಖ್ಯ ದೇಹಭಾಗ) ಮೇಲೆ ಕೊರೆದ ಹೆಸರನ್ನೂ ನೋಡಿಕೊಳ್ಳಿ; ಕೋಲ್ಟ್ ಎಆರ್-15 ಥರದವು ಹೆಸರಿನಿಂದಲೇ ನಿಷಿದ್ಧ, ಏನು ಬಿಚ್ಚಿದರೂ ಉಪಯೋಗವಿಲ್ಲ.

ಬ್ರೇಕ್‌ಗೆ ಕ್ಯಾಲಿಫೋರ್ನಿಯಾದಲ್ಲಿ ಅಡ್ಡಿಯಿಲ್ಲ. ಆದರೆ ಬ್ರೇಕ್ ಅಂತ ಮಾರುವ ಕೆಲವು ಸಾಧನಗಳ ಜಾಹೀರಾತಿನಲ್ಲೇ ‘ಬೆಂಕಿಯ ಮಿಂಚನ್ನೂ ತಗ್ಗಿಸುತ್ತದೆ’ ಎಂದಿರುತ್ತದೆ. ರಾಜ್ಯದ ನಿಯಮಕ್ಕೆ ಅಷ್ಟೇ ಸಾಕು, ಅದೂ ಸಪ್ರೆಸರ್ ಲೆಕ್ಕಕ್ಕೇ ಸೇರುತ್ತದೆ. ತಯಾರಕರ ವಿವರಣೆ ಪೂರ್ತಿ ಓದದೆ ಕೊಳ್ಳಬೇಡಿ. ನ್ಯೂಯಾರ್ಕಿನ ಗೆಳೆಯರು ಬ್ರೇಕೇ ಬೇಡ ಎಂದರೆ ಆ ಸಲಹೆ ಕ್ಯಾಲಿಫೋರ್ನಿಯಾಗೆ ನಡೆಯದು: ನ್ಯೂಯಾರ್ಕಿನ 2013ರ ಬಂದೂಕು ಕಾಯ್ದೆಯಾದ ಸೇಫ್ ಆ್ಯಕ್ಟ್ ಬ್ರೇಕನ್ನೂ ಅದನ್ನು ತಿರುಗಿಸಿ ಜೋಡಿಸುವ ಥ್ರೆಡ್ ಇರುವ ಬ್ಯಾರಲ್ಲನ್ನೂ (ನಳಿಕೆ) ನಿಷಿದ್ಧ ಲಕ್ಷಣಗಳ ಪಟ್ಟಿಗೆ ಸೇರಿಸಿದೆ.

ಈ ಬದಲಾವಣೆಯೆಲ್ಲ ಗಡಿ ದಾಟುವ ಮುಂಚೆಯೇ ಮುಗಿದಿರಲಿ. 10ಕ್ಕಿಂತ ಹೆಚ್ಚು ಗುಂಡು ಹಿಡಿಸುವ ಮ್ಯಾಗಜಿನ್ ಟೆಕ್ಸಾಸ್‌ನಲ್ಲೇ ಬಿಡಿ. ಬಂದ 60 ದಿನದೊಳಗೆ ರಾಜ್ಯದ ನ್ಯಾಯ ಇಲಾಖೆಗೆ ಬಂದೂಕಿನ ವರದಿ ಸಲ್ಲಿಸಿ.