ಸಾಲ ಕೊಟ್ಟವನೇ ಮನೆ ಕಟ್ಟಿಸಿದ

ಮಾನ್ಯರೇ,

ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿರುವ ಫುಗ್ಗೆರೈ ಎಂಬ ಬಡವರ ಕೇರಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಬೇಸರಪಟ್ಟು ಬರೆದಿದ್ದೀರಿ. ‘ರಾಜರಿಗೆ ಸಾಲ ಕೊಟ್ಟು ಕೊಬ್ಬಿದ ಸಾಹುಕಾರ ನಾಲ್ಕು ಮನೆ ಕಟ್ಟಿಸಿದರೆ ದಾನಶೂರನೇ?’ ಎಂಬುದು ನಿಮ್ಮ ಪ್ರಶ್ನೆ. ‘ಅವನ ಕಥೆ ನಮಗೇಕೆ?’ ಎಂದೂ ಕೇಳಿದ್ದೀರಿ.

ನೀವು ಹೊರಿಸಿದ್ದಕ್ಕಿಂತ ದೊಡ್ಡ ಆರೋಪಗಳೇ ಆ ಕೇರಿ ಕಟ್ಟಿಸಿದ ಸಾಹುಕಾರ ಯಾಕೋಬ್ ಫುಗ್ಗರ್ (1459–1525) ಮೇಲಿವೆ. ಅಜ್ಜ ಹಾನ್ಸ್ 1367ರಲ್ಲಿ ಹಳ್ಳಿ ಬಿಟ್ಟು ಆಗ್ಸ್‌ಬರ್ಗ್ ಸೇರಿದ ನೇಕಾರ. ಮೊಮ್ಮಗನ ದಾರಿಯೇ ಬೇರೆ. ಆಲ್ಪ್ಸ್ ಬೆಟ್ಟಗಳ ನಾಡಾದ ಟೈರೋಲ್‌ನ ದೊರೆಗೆ ಸಾಲ ಕೊಡುವುದು, ತೀರುವಳಿಗೆ ಅಲ್ಲಿನ ಶ್ವಾಟ್ಸ್ ಗಣಿಯ ಬೆಳ್ಳಿಯನ್ನು ಅಗ್ಗದ ದರಕ್ಕೆ ಬರೆಸಿಕೊಳ್ಳುವುದು. ದೊರೆಗೆ ನಗದಿನ ಅವಸರ, ಇವನಿಗೆ ಬೆಳ್ಳಿಯ ಲಾಭ. 1519ರಲ್ಲಿ ಐದನೇ ಚಾರ್ಲ್ಸ್ ಪವಿತ್ರ ರೋಮನ್ ಸಾಮ್ರಾಜ್ಯದ ಸಾಮ್ರಾಟನಾಗಿ ಆರಿಸಿಬರಲು ಖರ್ಚಾದ 8,51,918 ಗುಲ್ಡೆನ್‌ (ಆಗಿನ ಚಿನ್ನದ ನಾಣ್ಯ) ಗಳಲ್ಲಿ 5,43,585 ಫುಗ್ಗರ್‌ನದೇ. ಬಾಕಿ ಬರುವುದು ತಡವಾದಾಗ 1523ರಲ್ಲಿ ಚಕ್ರವರ್ತಿಗೇ ಕಾಗದ ಬರೆದು, ನನ್ನ ನೆರವಿಲ್ಲದೆ ನಿಮಗೆ ಕಿರೀಟ ದಕ್ಕುತ್ತಿರಲಿಲ್ಲ ಎಂದು ನೆನಪಿಸಿದ.

ನನಗೆ ಎಲ್ಲಕ್ಕಿಂತ ಅಸಹ್ಯವೆನಿಸುವುದು ಪಾಪಕ್ಷಮಾಪತ್ರಗಳ, ಅಂದರೆ ಹಣ ಕೊಟ್ಟರೆ ಪಾಪದ ಶಿಕ್ಷೆ ಮಾಫಿ ಎಂದು ಚರ್ಚು ಮಾರುತ್ತಿದ್ದ ಚೀಟಿಗಳ, ವ್ಯವಹಾರ. ಮೈನ್ಸ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ತನ್ನ ಪದವಿಗಾಗಿ ರೋಮಿನ ಪೋಪನಿಗೆ ಕಟ್ಟಿದ ಹಣ ಫುಗ್ಗರ್ ಕೊಟ್ಟ ಸಾಲ. ಅದನ್ನು ತೀರಿಸಲೆಂದೇ ಊರೂರಲ್ಲಿ ಪತ್ರ ಮಾರಿಸಿದರು. ಬೋಧಕ ಟೆಟ್ಸೆಲ್ ಜೊತೆ ಫುಗ್ಗರ್‌ನ ಗುಮಾಸ್ತನೂ ಇರುತ್ತಿದ್ದ. ವಸೂಲಾದದ್ದರಲ್ಲಿ ಅರ್ಧ ರೋಮಿಗೆ, ಅರ್ಧ ಸಾಲಕ್ಕೆ. ಸ್ವರ್ಗದಾಸೆಗೆ ಬಡವರು ಹಾಕಿದ ಕಾಸು ಲೇವಾದೇವಿಯ ಖಾತೆಗೆ ಹೋಯಿತು. 1517ರಲ್ಲಿ ಧರ್ಮಸುಧಾರಕ ಮಾರ್ಟಿನ್ ಲೂಥರ್ ಸಿಡಿದೆದ್ದದ್ದು ಇದೇ ಮಾರಾಟದ ವಿರುದ್ಧ.

ನಮಗೇಕೆ ಎಂದಿರಲ್ಲ, 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಅಲ್ಮೇಡನ ಜೊತೆ ಭಾರತಕ್ಕೆ ಹೊರಟ ಹಡಗುಗಳಿಗೆ ಬಂಡವಾಳ ಹಾಕಿದವರಲ್ಲಿ ಆಗ್ಸ್‌ಬರ್ಗ್‌ನ ವರ್ತಕ ಮನೆತನಗಳಾದ ವೆಲ್ಸರ್‌ಗಳೂ ಫುಗ್ಗರ್‌ಗಳೂ ಇದ್ದರು. ಮೆಣಸಿನ ಲಾಭಕ್ಕೆ ಬಂದ ಆ ದಂಡು ಕಾರವಾರದೆದುರಿನ ಅಂಜುದೀವದಲ್ಲಿ ಕೋಟೆ ಕಟ್ಟಿತು, ಹೊನ್ನಾವರದಲ್ಲಿ ಬೆಂಕಿಯಿಟ್ಟಿತು.

ಇಷ್ಟಿದ್ದೂ ಲೇಖನ ಪ್ರಕಟಿಸಿದ್ದು ಆ ಮನೆಗಳಿಗಾಗಿ. 1521ರ ದತ್ತಿಪತ್ರದ ಪ್ರಕಾರ ಅವು ದುಡಿದರೂ ಗಳಿಕೆ ಸಾಕಾಗದ ಆಗ್ಸ್‌ಬರ್ಗ್‌ನ ಕ್ಯಾಥೊಲಿಕ್ ಕುಶಲಕರ್ಮಿಗಳಿಗೆ, ಕೂಲಿಯವರಿಗೆ. ಆ ಕಾಲದ ಧರ್ಮಛತ್ರಗಳಲ್ಲಿದ್ದಂತೆ ಸಾಲಾಗಿ ಮಲಗಿಸಲಿಲ್ಲ. ಮಹಡಿಯವರಿಗೂ ಬೀದಿಯಿಂದಲೇ ಬೇರೆ ಬಾಗಿಲು, ಪ್ರತಿ ಸಂಸಾರಕ್ಕೂ ಸ್ವಂತ ಅಡುಗೆಮನೆ. ಬಾಗಿಲ ಗಂಟೆಯ ಹಿಡಿಗಳು ಒಂದರಂತೆ ಒಂದಿಲ್ಲ, ದೀಪವಿಲ್ಲದ ರಾತ್ರಿ ಕೈಯಲ್ಲಿ ಮುಟ್ಟಿಯೇ ತನ್ನ ಮನೆ ಗುರುತಿಸಬಹುದು. ವರ್ಷದ ಬಾಡಿಗೆ ಒಂದು ಗುಲ್ಡೆನ್, ಈಗ 88 ಯೂರೊ ಸೆಂಟ್. ಜೊತೆಗೆ ದಿನಕ್ಕೆ ಮೂರು ಪ್ರಾರ್ಥನೆ, ಫುಗ್ಗರ್ ಮನೆತನದ ಆತ್ಮಗಳಿಗಾಗಿ.

ಹೀಗೆ ಪ್ರಾರ್ಥನೆಯನ್ನೂ ಬಾಡಿಗೆಗೆ ಸೇರಿಸಿದವನನ್ನು ದಾನಶೂರ ಎನ್ನಲಾರೆ. ಆದರೆ ಬಡವನಿಗೂ ತನ್ನದೇ ಬಾಗಿಲು, ತನ್ನದೇ ಒಲೆ ಬೇಕೆಂಬುದು ಆ ಕಾಲದಲ್ಲಿ ಅವನಿಗೆ ಹೊಳೆಯಿತು. 1944ರ ಬಾಂಬಿಗೆ ಕುಸಿದ ಮನೆಗಳನ್ನು ಮತ್ತೆ ಕಟ್ಟಿ, ಹಳೆಯ ಕರಾರಿನಲ್ಲೇ ಇಂದಿಗೂ ಜನರನ್ನು ಇರಿಸಿದ್ದಾರೆ. ಆ ವ್ಯವಸ್ಥೆಯನ್ನು ಹೊಗಳಿದ ಲೇಖನದ ಪರ ನಾನು ಈಗಲೂ ನಿಲ್ಲುತ್ತೇನೆ.

— ಸಂಪಾದಕ