ಫೈಟ್ ಸಾಧಾರಣ, ಮಂದಿ ಭರ್ಜರಿ: ವ್ಯಾಂಪಿರ್ ಗೇಮ್ ತಗೊಳ್ಳುವ ಮುಂಚೆ

ನಿಮ್ಮ ಪ್ರಶ್ನೆ ಇಷ್ಟು: 'ವ್ಯಾಂಪಿರ್' ಗೇಮ್ ಸೇಲ್‌ನಲ್ಲಿ ಕಡಿಮೆ ರೇಟಿಗೆ ಬಂದಿದೆ, ನಿಮಗೆ ಹೊಡೆದಾಟದ ಗೇಮ್ ಇಷ್ಟ, ಕೆಲವರು ಸೂಪರ್ ಅಂತಾರೆ, ಕೆಲವರು ನಿದ್ದೆ ಬರುತ್ತೆ ಅಂತಾರೆ, ತಗೊಳ್ಳಲಾ ಬಿಡಲಾ?

ಬರೀ ಹೊಡೆದಾಟಕ್ಕೆ ಅಂತಾದರೆ ಬಿಡಿ. ಖರೇ ಹೇಳಬೇಕೆಂದರೆ ಈ ಗೇಮ್‌ನಲ್ಲಿ ಕತ್ತಿ ಬೀಸುವುದಕ್ಕಿಂತ ಮಂದಿ ಜೊತೆ ಮಾತಾಡುವುದೇ ಜಾಸ್ತಿ. ಆದರೆ ಆ ಮಾತುಗಳೇ ಒಂದು ಹಂತದಲ್ಲಿ ಹೊಡೆದಾಟಕ್ಕಿಂತ ಹೆಚ್ಚು ಎದೆ ಬಡಿಸುತ್ತವೆ. ಅದು ಹೇಗೆ ಅಂತ ಹೇಳುತ್ತೇನೆ. ತಗೊಳ್ಳುವುದೋ ಬಿಡುವುದೋ ನೀವೇ ನೋಡಿ.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ಕಲಬುರಗಿಯ ಒಂದು ಬ್ಲಡ್ ಬ್ಯಾಂಕ್‌ನಲ್ಲಿ ಲ್ಯಾಬ್ ಟೆಕ್ನಿಷಿಯನ್. ಹಗಲೆಲ್ಲಾ ರಕ್ತದ ಬ್ಯಾಗ್ ಎಣಿಸಿ, ರಾತ್ರಿ ಮನೆಗೆ ಬಂದು ರಕ್ತ ಕುಡಿಯುವ ಗೇಮ್ ಆಡುತ್ತೀಯಲ್ಲೋ ಅಂತ ನಮ್ಮ ಅಕ್ಕ ನಗುತ್ತಾಳೆ. ನಗಲಿ. ಈ ಗೇಮ್‌ನ ಹೀರೋ ಕೂಡ ನಮ್ಮ ಕಸುಬಿನವನೇ. ಡಾಕ್ಟರ್ ಜೊನಾಥನ್ ರೀಡ್, ರಕ್ತ ಕೊಡುವ ಚಿಕಿತ್ಸೆಯಲ್ಲಿ ಹೆಸರು ಮಾಡಿದವನು. ಮಹಾಯುದ್ಧದಿಂದ ಲಂಡನ್‌ಗೆ ವಾಪಸ್ ಬಂದಿದ್ದಾನೆ. ಗೇಮ್ ಶುರುವಾಗುವಾಗ ಹೆಣಗಳ ಗುಂಡಿಯಲ್ಲಿ, ರಕ್ತ ಕುಡಿಯುವ ವ್ಯಾಂಪೈರ್ ಆಗಿ ಕಣ್ಣು ಬಿಡುತ್ತಾನೆ. ಬಾಯಾರಿಕೆ ತಡೆಯಲಾರದೆ ಎದುರಿಗೆ ಬಂದವರ ಕುತ್ತಿಗೆಗೆ ಬಾಯಿ ಹಾಕುತ್ತಾನೆ. ನೋಡಿದರೆ ಅದು ಸ್ವಂತ ತಂಗಿ ಮೇರಿ. ಇದು ಮೊದಲ ಕೆಲವೇ ನಿಮಿಷದ ವಿಷಯ, ಆದ್ದರಿಂದ ಕಥೆ ಹೇಳಿ ಕೆಡಿಸಿದೆ ಅಂತ ಬೈಯಬೇಡಿ.

ಕಾಲ 1918. ಊರಿಗೆಲ್ಲಾ ಸ್ಪ್ಯಾನಿಷ್ ಫ್ಲೂ. ಆ ಜ್ವರ ಬರೀ ಲಂಡನ್ನಿನ ಕಥೆ ಅಲ್ಲ, ನಿಮಗೆ ಗೊತ್ತೇ ಇದೆ. ಅದೇ ವರ್ಷ ಬಾಂಬೆ ಬಂದರಿಗೆ ಇಳಿದು, ರೈಲು ಹತ್ತಿ ದೇಶವೆಲ್ಲಾ ಹಬ್ಬಿ, ನಮ್ಮಲ್ಲೇ 1 ಕೋಟಿಗಿಂತ ಹೆಚ್ಚು ಜನರನ್ನು ತೆಗೆದುಕೊಂಡು ಹೋಯಿತು. ಆಗ ನಮ್ಮೂರು ಗುಲ್ಬರ್ಗ, ನಿಜಾಮರ ಆಳ್ವಿಕೆಯಲ್ಲಿತ್ತು. ಇನ್ನು 2020ರ ಮಾರ್ಚ್ ಯಾರು ಮರೆಯುತ್ತಾರೆ? ದೇಶದ ಮೊದಲ ಕೋವಿಡ್ ಸಾವು ಆಗಿದ್ದು ಕಲಬುರಗಿಯವರದೇ. ಓಣಿ ಓಣಿಗೆ ಬ್ಯಾರಿಕೇಡ್, ಸೂಪರ್ ಮಾರ್ಕೆಟ್ ಕಡೆ ನರಪಿಳ್ಳೆ ಇಲ್ಲ, ಯಾರು ಕೆಮ್ಮಿದರೂ ಪಕ್ಕದ ಮನೆಯವರು ಕಿಟಕಿ ಮುಚ್ಚುವುದು. ಅದನ್ನೆಲ್ಲಾ ಕಂಡವರಿಗೆ ಈ ಗೇಮ್‌ನ ಬೀದಿಗಳು ಹೊಸವಲ್ಲ. ಬಾಗಿಲ ಮೇಲೆ ಗುರುತು, ಬಟ್ಟೆ ಸುತ್ತಿದ ಹೆಣ, ಬ್ಯಾರಿಕೇಡ್ ಹಿಂದೆ ಕೆಮ್ಮು. ಗೇಮ್ ಬಂದಿದ್ದು 2018ರಲ್ಲಿ, ಕೋವಿಡ್‌ಗಿಂತ ಮುಂಚೆ. ಆದರೂ ಭಯ ಹೇಗೆ ಹರಡುತ್ತೆ ಅನ್ನೋದನ್ನು ಸರಿಯಾಗಿ ಹಿಡಿದಿದ್ದಾರೆ.

ಈಗ ಗೇಮ್‌ನ ಜೀವ ಎಲ್ಲಿದೆ ಅನ್ನೋ ಮಾತಿಗೆ ಬರೋಣ.

ಲಂಡನ್ನನ್ನು ನಾಲ್ಕು ಏರಿಯಾ ಮಾಡಿದ್ದಾರೆ: ಡಾಕ್ಸ್, ವೈಟ್‌ಚಾಪೆಲ್, ವೆಸ್ಟ್ ಎಂಡ್ ಮತ್ತು ಪೆಂಬ್ರೋಕ್ ಆಸ್ಪತ್ರೆ. ಎಲ್ಲಾ ಸೇರಿ ಸುಮಾರು 60 ಜನ. ಸುಮ್ನೆ ನಿಂತ ಗೊಂಬೆಗಳಲ್ಲ ಇವರು. ಒಬ್ಬೊಬ್ಬರಿಗೂ ಹೆಸರು, ಕೆಲಸ, ಒಂದು ಗುಟ್ಟು, ಯಾರ ಜೊತೆಗೋ ನಂಟು, ಯಾರ ಜೊತೆಗೋ ಜಗಳ. ಆಸ್ಪತ್ರೆಯ ಮಂದಿಯಲ್ಲಿ ರಾಕೇಶ್ ಚಡಾನಾ ಅನ್ನೋ ನಮ್ಮ ಕಡೆಯ ಹೆಸರೂ ಸಿಗುತ್ತದೆ. ಡೊರೊತಿ ಕ್ರೇನ್ ಅಂತ ಒಬ್ಬ ನರ್ಸ್ ಇದ್ದಾಳೆ. ಆಸ್ಪತ್ರೆಯ ಔಷಧಿಯನ್ನೇ ಕದ್ದು ವೈಟ್‌ಚಾಪೆಲ್‌ನ ಬಡವರಿಗೆ ಕಳ್ಳ ದವಾಖಾನೆ ನಡೆಸುತ್ತಾಳೆ. ಅವಳನ್ನು ಏನಂತ ಕರೆಯುತ್ತೀರಿ, ಕಳ್ಳಿಯಾ? ಡ್ಯೂಟಿ ರೂಮಿನಲ್ಲಿ ಇದರ ಬಗ್ಗೆ ಮಾತಾಡಿದಾಗ ನಮ್ಮ ಸಿಸ್ಟರ್‌ಗಳಲ್ಲೇ ಎರಡು ಪಾರ್ಟಿ ಆದವು. ಗೇಮ್ ಆಡದವರೂ ಸೇರಿಕೊಂಡರು.

ನೀವು ಯಾರ ಕುತ್ತಿಗೆಗೆ ಬೇಕಾದರೂ ಬಾಯಿ ಹಾಕಬಹುದು, ಅವರನ್ನು ಮರುಳು ಮಾಡುವ ನಿಮ್ಮ ಶಕ್ತಿ ಅಷ್ಟು ಬೆಳೆದಿರಬೇಕು ಅಷ್ಟೇ. ಕಚ್ಚಿದರೆ ಎಕ್ಸ್‌ಪಿ (ನಿಮ್ಮ ಶಕ್ತಿ, ಲೆವೆಲ್ ಏರಿಸುವ ಅಂಕ) ಒಂದೇ ಏಟಿಗೆ ರಾಶಿ ರಾಶಿ. ಶತ್ರುಗಳನ್ನು ಹೊಡೆದು ಅಷ್ಟು ಗಳಿಸಬೇಕೆಂದರೆ ಬೆವರು ಹರಿಯುತ್ತದೆ. ಅದಕ್ಕಿಂತ ಜಾಣತನದ ವಿಷಯ ಒಂದಿದೆ. ಒಬ್ಬ ಮನುಷ್ಯನ ಗುಟ್ಟು ಎಷ್ಟು ತಿಳಿಯುತ್ತೀರೋ ಅವನ ರಕ್ತಕ್ಕೆ ಬೆಲೆ ಅಷ್ಟು ಏರುತ್ತದೆ. ಅವನಿಗೆ ಕಾಯಿಲೆ ಇದ್ದರೆ ಇಳಿಯುತ್ತದೆ. ಔಷಧಿ ಕೊಟ್ಟು ವಾಸಿ ಮಾಡಿದರೆ ಮತ್ತೆ ಏರುತ್ತದೆ. ಅಂದರೆ ನೀವು ಡಾಕ್ಟರ್ ಆಗಿ ಎಷ್ಟು ಒಳ್ಳೆಯವರೋ ಅಷ್ಟು ಒಳ್ಳೆ ಬೇಟೆ ತಯಾರಾಗುತ್ತದೆ. ಯಾರದೋ ತಲೆನೋವಿಗೆ ಮಾತ್ರೆ ಕೊಟ್ಟು, ಅವರ ಮನೆಯ ಕಷ್ಟವೆಲ್ಲಾ ಕೇಳಿ, ಆಮೇಲೆ ಸ್ಕ್ರೀನ್ ಮೇಲೆ ಅವರ ರಕ್ತದ ಅಂಕಿ ಏರಿದ್ದು ಕಾಣುವಾಗ ಮೈ ಜುಮ್ಮೆನ್ನುತ್ತದೆ.

ನನಗೆ ಇದು ಸ್ವಲ್ಪ ಜಾಸ್ತಿಯೇ ತಾಕಿತು. ನಾವೂ ದಿನಾ ಮಂದಿಯನ್ನು ಕೂಡಿಸಿ ಕೇಳುತ್ತೇವೆ. ಜ್ವರ ಇತ್ತಾ, ಮಾತ್ರೆ ನುಂಗುತ್ತೀರಾ, ಹಿಂದೆ ಯಾವಾಗ ರಕ್ತ ಕೊಟ್ಟಿದ್ದೀರಿ. ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುತ್ತೇವೆ. 12.5ಕ್ಕಿಂತ ಕಡಿಮೆ ಇದ್ದರೆ, 'ಮೊದಲು ಊಟ ಸರಿಯಾಗಿ ಮಾಡ್ರಿ' ಅಂತ ಹೇಳಿ ಕಳಿಸುತ್ತೇವೆ. ಎಲ್ಲಾ ಸರಿ ಇದ್ದರೆ 350 ಎಂಎಲ್ ತೆಗೆದು ಚಾ ಬಿಸ್ಕತ್ತು ಕೊಡುತ್ತೇವೆ. ಆ ಬ್ಯಾಗಿನ ರಕ್ತ 35 ದಿನ ಬಾಳುತ್ತದೆ, ಹೆಪ್ಪುಗಟ್ಟದ ಹಾಗೆ ಒಳಗೆ ಮೊದಲೇ ದ್ರಾವಣ ಹಾಕಿರುತ್ತಾರೆ, ಫ್ರಿಜ್‌ನಲ್ಲಿ 2ರಿಂದ 6 ಡಿಗ್ರಿ ಇರಬೇಕು. ಜೊನಾಥನ್ ರೀಡ್ ಕಾಲಕ್ಕೆ ಇವೆಲ್ಲಾ ಆಗಷ್ಟೇ ಕಣ್ಣು ಬಿಡುತ್ತಿದ್ದವು. ರಕ್ತದ ಗುಂಪುಗಳನ್ನು ಲ್ಯಾಂಡ್‌ಸ್ಟೈನರ್ ಕಂಡುಹಿಡಿದಿದ್ದು 1901ರಲ್ಲಿ, ಹೆಪ್ಪುಗಟ್ಟದ ಹಾಗೆ ಸಿಟ್ರೇಟ್ ಹಾಕಿ ರಕ್ತ ಕೊಡಲು ಶುರು ಮಾಡಿದ್ದು 1914ರಲ್ಲಿ. ಆ ಯುದ್ಧದ ಡಾಕ್ಟರ್‌ನನ್ನೇ ರಕ್ತ ಕುಡಿಯುವವನನ್ನಾಗಿ ಮಾಡಿದ್ದು ಒಳ್ಳೆ ತಲೆ. ಕಥೆ ಬರೆದವರಿಗೆ ನನ್ನ ಸಲಾಂ.

ಇನ್ನು ಕಚ್ಚುವುದಕ್ಕೆ ಬನ್ನಿ. ಆ ಮನುಷ್ಯನಿಗೆ ಕಣ್ಣಲ್ಲೇ ಮಂಕು ಕವಿಸಿ, ಕತ್ತಲ ಮೂಲೆಗೆ ಕರೆದೊಯ್ಯುತ್ತೀರಿ. ಅವನು ಸುಮ್ಮನೆ ಹಿಂದೆ ಬರುತ್ತಾನೆ. ಕಚ್ಚುವಾಗ ಅವನ ಕೊನೆಯ ಯೋಚನೆ ನಿಮ್ಮ ಕಿವಿಗೆ ಕೇಳುತ್ತದೆ. ಮರುದಿನ ರಾತ್ರಿ ಆ ಜಾಗ ಖಾಲಿ. ಅವನನ್ನು ನಂಬಿದ್ದವರು ಬೇರೆ ಥರ ಮಾತಾಡುತ್ತಾರೆ. ಏರಿಯಾದ ಆರೋಗ್ಯ ಕುಸಿಯುತ್ತದೆ, ಅಂಗಡಿಯವರು ರೇಟ್ ಏರಿಸುತ್ತಾರೆ (ಸ್ಯಾನಿಟೈಜರ್ ರೇಟ್ ನೆನಪಿದೆ ಅಲ್ವಾ?). ಪೂರ್ತಿ ಕೆಟ್ಟರೆ ಆ ಏರಿಯಾವೇ ಕೈಬಿಟ್ಟು ಹೋಗುತ್ತದೆ. ಉಳಿದ ಮಂದಿ, ಅವರ ಕೆಲಸಗಳು, ಎಲ್ಲಾ ಮಾಯ. ಬೀದಿ ತುಂಬಾ ರಾಕ್ಷಸರು.

ಹೊಡೆದಾಟ ಕಷ್ಟ ಆದಾಗ ಈ ಆಸೆ ನಿಜವಾಗಿ ಕಚ್ಚುತ್ತದೆ. ಎದುರಿಗಿನ ಬಾಸ್, ಅಂದರೆ ದೊಡ್ಡ ಶತ್ರು, ನಿಮಗಿಂತ ಐದಾರು ಲೆವೆಲ್ ಮೇಲಿದ್ದಾನೆ. ಹತ್ತಿರದಲ್ಲೇ ಒಬ್ಬ ಲಫಂಗ ಕುಡಿದು ಕೂತಿದ್ದಾನೆ. ಇವನು ಸತ್ತರೆ ಯಾರಿಗೆ ನಷ್ಟ ಅಂತ ಮನಸ್ಸು ವಕೀಲಿಕೆ ಶುರು ಮಾಡುತ್ತದೆ. ಬೇರೆ ಯಾವ ಗೇಮ್‌ನಲ್ಲೂ ಲೆವೆಲ್ ಏರಿಸಲು ನಾನು ಇಷ್ಟು ಹಿಂದೆ ಮುಂದೆ ನೋಡಿಲ್ಲ. ಒಬ್ಬರನ್ನೂ ಕಚ್ಚದೆ ಮುಗಿಸಬಹುದು, ಸಾಧ್ಯವಿದೆ, ಆದರೆ ಕಷ್ಟ. ಕೊನೆಗಳು ನಾಲ್ಕು. ಎಷ್ಟು ಜನರನ್ನು ಕಚ್ಚಿದಿರಿ ಅನ್ನೋದರ ಮೇಲೆ ಯಾವುದು ಅಂತ ನಿರ್ಧಾರ.

ಹಾಗಾದರೆ ಫೈಟ್ ಹೇಗಿದೆ? ಒಂದು ಕೈಯಲ್ಲಿ ಆಯುಧ, ಇನ್ನೊಂದರಲ್ಲಿ ಗೂಟವೋ ಪಿಸ್ತೂಲೋ. ಶತ್ರುವಿಗೆ ತಲೆ ತಿರುಗುವ ಹಾಗೆ ಹೊಡೆದರೆ ಹತ್ತಿರ ಹೋಗಿ ರಕ್ತ ಹೀರಬಹುದು. ಆ ರಕ್ತವೇ ಮಂತ್ರಶಕ್ತಿಗೆ ಇಂಧನ: ಉಗುರು, ರಕ್ತದ ಈಟಿ, ನೆರಳಿನ ಮಂಜು. ಐಡಿಯಾ ಚೆನ್ನಾಗಿದೆ. ಮೊದಲ ಕೆಲವು ಗಂಟೆ ಮಜಾ ಕೊಡುತ್ತದೆ. ಆಮೇಲೆ ಅದೇ ಪ್ರಿವೆನ್ ಗಾರ್ಡ್‌ಗಳು (ವ್ಯಾಂಪೈರ್ ಬೇಟೆಗಾರರು) ಶಿಲುಬೆ ಹಿಡಿದು, ಅದೇ ಸ್ಕಾಲ್‌ಗಳು (ಕೆಳದರ್ಜೆಯ ವ್ಯಾಂಪೈರ್‌ಗಳು) ಅರಚಿಕೊಂಡು, ಅದೇ ಮೂಲೆಯಲ್ಲಿ. ಏಟು ಬಿದ್ದರೂ ತೂಕ ಇಲ್ಲ. ಇಕ್ಕಟ್ಟು ಗಲ್ಲಿಯಲ್ಲಿ ಗುರಿ ಲಾಕ್ ಮಾಡಿದರೆ ಕ್ಯಾಮೆರಾ ಗೋಡೆಗೆ ಮುಖ ಹಾಕುತ್ತದೆ. ಕೆಲವು ಬಾಸ್‌ಗಳಂತೂ, ಮುಖ್ಯವಾಗಿ ಆ ಗಾರ್ಡ್‌ಗಳ ನಾಯಕ ಮ್ಯಾಕಲಮ್, ಚೆನ್ನಾಗಿ ಅಳಿಸುತ್ತಾರೆ. ಮಾಡಿದ್ದು ಪ್ಯಾರಿಸ್‌ನ ಡೋಂಟ್‌ನಾಡ್ ಕಂಪನಿ. 2015ರಲ್ಲಿ ಬಂದ ಅವರ 'ಲೈಫ್ ಈಸ್ ಸ್ಟ್ರೇಂಜ್' ಪೂರ್ತಿ ಮಾತು ಮತ್ತು ಆಯ್ಕೆಗಳ ಗೇಮ್. ಕೈ ಎಲ್ಲಿ ಪಳಗಿದೆ ಅಂತ ಇಲ್ಲೂ ಗೊತ್ತಾಗುತ್ತದೆ.

ಓಡಾಟ ಇನ್ನೊಂದು ತಲೆನೋವು. ಒಂದು ಏರಿಯಾದಿಂದ ಇನ್ನೊಂದಕ್ಕೆ ಥಟ್ಟನೆ ಹಾರುವ ವ್ಯವಸ್ಥೆ ಇಲ್ಲ. ನಡೆಯಬೇಕು. ಬಾಗಿಲಿಗೆ ಬೀಗ, ಸುತ್ತು ಹಾಕಿ, ಮತ್ತೆ ಅದೇ ಗಾರ್ಡ್‌ಗಳು. ಜೋರಾಗಿ ಓಡಿದರೆ ಮಧ್ಯದಲ್ಲೇ ಲೋಡಿಂಗ್‌ಗೆ ನಿಲ್ಲುತ್ತದೆ. ಆಸ್ಪತ್ರೆಗೆ ನೆರವು ಕೊಡುವ ಶ್ರೀಮಂತೆ ಲೇಡಿ ಆ್ಯಶ್‌ಬರಿ ಜೊತೆ ಜೊನಾಥನ್‌ನ ಪ್ರೇಮವೂ ಯಾವ ಸೂಚನೆ ಇಲ್ಲದೆ ತಲೆ ಮೇಲೆ ಬೀಳುತ್ತದೆ. ನಿನ್ನೆ ಪರಿಚಯ, ಇವತ್ತು ಜನ್ಮಜನ್ಮದ ಮಾತು.

ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ್ದು ಬೇರೆ. ಪ್ರತಿ ಏರಿಯಾಗೂ ಒಬ್ಬ ಮುಖ್ಯ ವ್ಯಕ್ತಿ. ಅವರ ಹಣೆಬರಹ ನಿಮ್ಮ ಕೈಯಲ್ಲಿ. ಸ್ಕ್ರೀನ್ ಮೇಲೆ ಬರುವ ಒಂದೊಂದು ಆಯ್ಕೆಯೂ ಒಂದೆರಡು ಪದ ಅಷ್ಟೇ, ಅದರ ಹಿಂದೆ ಏನಾಗುತ್ತೆ ಅನ್ನೋ ಸುಳಿವೇ ಇಲ್ಲ. ದಯೆ ಅಂದುಕೊಂಡು ಒತ್ತಿದ್ದು ದುರಂತ ಆಗುತ್ತದೆ. ಯಾರ ವಿಷಯದಲ್ಲಿ ಅಂತ ಹೇಳಲ್ಲ, ಆಡುವವರಿಗೆ ಅನ್ಯಾಯ. ಸೇವ್ ಬೇರೆ ಒಂದೇ, ತಾನೇ ಆಗುತ್ತದೆ, ಹಿಂದಕ್ಕೆ ಹೋಗುವ ಹಾಗಿಲ್ಲ. ಮಾಡಿದ್ದು ಅನುಭವಿಸು ಅನ್ನೋದು ಸರಿ, ಆದರೆ ಏನು ಮಾಡುತ್ತಿದ್ದೇನೆ ಅಂತ ಮೊದಲು ತಿಳಿಸಬೇಕಲ್ವಾ? ಮಾತುಕತೆಯಲ್ಲೂ ಅಷ್ಟೇ. ತಪ್ಪು ಪ್ರಶ್ನೆ ಆರಿಸಿದರೆ ಆ ಗುಟ್ಟು ಕೈತಪ್ಪಿ ಹೋಯಿತು. ಒಂದು ಲಾಭ ಇದೆ ಬಿಡಿ: ಮೇ ತಿಂಗಳಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಗೊತ್ತಿಲ್ಲ, ಸೇವ್ ಮಾಡಲು ಮರೆತೆ ಅನ್ನೋ ಗೋಳು ಈ ಗೇಮ್‌ನಲ್ಲಿ ಇಲ್ಲ.

ಇಂಗ್ಲಿಷ್ ಸಬ್‌ಟೈಟಲ್ ಓದುವ ತಾಳ್ಮೆ ಬೇಕು, ಮಾತು ಅಷ್ಟಿದೆ. ಮನೆಯಲ್ಲಿ ಸಣ್ಣ ಹುಡುಗರಿದ್ದರೆ ಅವರ ಮುಂದೆ ಹಚ್ಚಬೇಡಿ. ಹೆಡ್‌ಫೋನ್ ಹಾಕಿಕೊಳ್ಳಿ, ಒಲಿವಿಯೆ ದೆರಿವಿಯೇರ್ ಅವರ ಸಂಗೀತ ಗೇಮ್‌ನ ಅರ್ಧ ಭಯ.

ಅರ್ಧ ರೇಟಿಗಿಂತ ಕಡಿಮೆಗೆ ಸಿಕ್ಕರೆ ತಗೊಳ್ಳಿ. 2018ರಲ್ಲೇ ಆಮೇಲೆ ಬಂದ ಅಪ್‌ಡೇಟ್‌ನಲ್ಲಿ ಸ್ಟೋರಿ ಮೋಡ್ ಸೇರಿಸಿದ್ದಾರೆ, ಅದರಲ್ಲಿ ಹೊಡೆದಾಟ ಹಗುರ. ಆದರೆ ಅದನ್ನು ಆರಿಸಬೇಡಿ, ನಾರ್ಮಲ್‌ನಲ್ಲೇ ಆಡಿ. ಶತ್ರು ಸುಲಭ ಆದರೆ ಯಾರನ್ನೂ ಕಚ್ಚುವ ಅವಸರ ಬರಲ್ಲ, ಆಗ ಉಳಿಯುವುದು ಆ ಸಾಧಾರಣ ಫೈಟ್ ಮಾತ್ರ. ಇನ್ನೊಂದು, ಎಕ್ಸ್‌ಪಿ ಖರ್ಚು ಮಾಡಲು ಹಾಸಿಗೆಗೆ ಹೋಗಬೇಕು, ಮಲಗಿದರೆ ಒಂದು ರಾತ್ರಿ ಕಳೆಯುತ್ತದೆ, ಅಷ್ಟರಲ್ಲಿ ಹೊಸಬರು ಕಾಯಿಲೆ ಬೀಳುತ್ತಾರೆ. ಆದ್ದರಿಂದ ಮಲಗುವ ಮುಂಚೆ ಪಕ್ಕದ ಮೇಜಿನಲ್ಲಿ ಔಷಧಿ ತಯಾರಿಸಿ, ಏರಿಯಾ ಪೂರ್ತಿ ಒಂದು ರೌಂಡ್ ಹೊಡೆದು ಎಲ್ಲರಿಗೂ ಕೊಟ್ಟು ಬನ್ನಿ. ವೈಟ್‌ಚಾಪೆಲ್‌ನವರಿಗೆ ಮೊದಲು.